ಯಜಮಾನರು ಮಾಯ ಮಾಡಿದ ಒಳಸಾಲುಗಳು

"ಈ ಮನೆಯ ಗೊಂದಲಕ್ಕೆಲ್ಲ ಒಂದೇ ಕಾರಣ, ಲೇಔಟು! ಇವತ್ತು ಅದನ್ನ ಸರಿಮಾಡಿಯೇ ಏಳೋದು!" ಎಂದು ಘೋಷಿಸಿ ಯಜಮಾನರು ಲ್ಯಾಪ್‌ಟಾಪಿನ ಮುಂದೆ ಪದ್ಮಾಸನ ಹಾಕಿದರು.

ಗೊಂದಲವೆಂದರೆ ಟಿಪ್ಪಣಿಯ ಆಪ್‌ನಲ್ಲಿ ಹೆಂಡತಿ ಬರೆದಿಟ್ಟಿದ್ದ ಮನೆಗೆಲಸದ ಪಟ್ಟಿ. ಬರೆಯುವವಳೂ ಅವಳೇ, ಮಾಡುವವಳೂ ಅವಳೇ. ಯಜಮಾನರು ಆಗೀಗ ನೋಡುವವರು. ನೋಡುವವರಿಗೆ ತಾನೇ ಅಂದಚಂದದ ಚಿಂತೆ! ವೆಬ್‌ಸೈಟುಗಳಿಗೆ ಅಲಂಕಾರ ಮಾಡುವುದು ಅವರ ಹೊಟ್ಟೆಪಾಡು. ತೆರೆಯ ಮೇಲೆ ಯಾವುದು ಎಲ್ಲಿ, ಯಾವ ಬಣ್ಣದಲ್ಲಿ ನಿಲ್ಲಬೇಕೆಂದು ಅಪ್ಪಣೆ ಕೊಡುವ ಸಿಎಸ್‌ಎಸ್ ಅವರಿಗೆ ನೀರು ಕುಡಿದಷ್ಟು ಸುಲಭ. ಅಡುಗೆಮನೆಯಲ್ಲಿ ಯಾವುದು ಎಲ್ಲಿದೆ ಎಂಬುದು ಬೇರೆ ಶಾಸ್ತ್ರ.

ಮುಗಿದದ್ದಕ್ಕೆ ಗುರುತು ಹಾಕುವ ಚೌಕಗಳು ದುಂಡಗಾದವು. ಮುಗಿದ ಕೆಲಸಗಳು ಮಸುಕಾದವು. ಆದರೆ ಒಂದೊಂದು ಕೆಲಸದ ಕೆಳಗೂ ಬಲಕ್ಕೆ ಸರಿದು ನಿಂತ ಒಳಸಾಲುಗಳು, ಕೋಳಿಯ ಹಿಂದೆ ಮರಿಗಳಂತೆ! ಇದು ಹೆಂಡತಿಯ ಗೊಣಗಾಟದ ಲಿಖಿತ ರೂಪವೆಂದು ತೀರ್ಮಾನಿಸಿದ ಯಜಮಾನರು, ಒಂದನ್ನೂ ಓದದೆ, ಒಳಸಾಲುಗಳೆಲ್ಲ ಕಣ್ಮರೆಯಾಗಲಿ ಎಂದು ಆಜ್ಞೆ ಹೊರಡಿಸಿದರು. ಆದವು! ಪಟ್ಟಿ ಒರೆಸಿದ ಕನ್ನಡಿಯಂತೆ ಹೊಳೆಯಿತು.

ಶಿಕ್ಷಕಿಯಾದ ಹೆಂಡತಿ ಉತ್ತರಪತ್ರಿಕೆ ತಿದ್ದಲು ಬೇರೆ ಊರಿಗೆ ಹೋಗಿದ್ದಳು. ಅಲ್ಲಿಂದ ಫೋನ್ ಬಂತು.

"ರೀ, ನಾಡಿದ್ದು ಅತ್ತೆ ಕಣ್ಣಿನ ಆಪರೇಷನ್ನು. ಎಲ್ಲಾ ಪಟ್ಟಿಯಲ್ಲಿ ಬರೆದಿದ್ದೀನಿ. ನೋಡ್ಕೊಂಡ್ರಾ?"

"ಬಾಯಿಪಾಠ ಆಗಿದೆ ಕಣೇ! ಒಂದೇ ಒಂದು ಸಾಲು!"

"ಒಂದೇ ಸಾಲಾ?"

ಅಷ್ಟರಲ್ಲಿ ಅಲ್ಲಿ ಗಂಟೆ ಹೊಡೆಯಿತು. ಫೋನ್ ಕಟ್ಟಾಯಿತು.

ಅಮ್ಮನ ಕಣ್ಣಲ್ಲಿ ಪೊರೆ ಬಲಿತು, ಮೊಮ್ಮಗಳನ್ನೂ ಕಾಲಸಪ್ಪಳದಿಂದ ಗುರುತಿಸುವಂತಾಗಿತ್ತು. ಆಸ್ಪತ್ರೆಯ ಈ ದಿನಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದರು. ಆಪರೇಷನ್ನಿನ ದಿನ ಬೆಳಗ್ಗೆ ಮಗ ಮುಂದಿಟ್ಟ ತಟ್ಟೆಯನ್ನು ತಡವಿ ಅನುಮಾನಪಟ್ಟರು.

"ಏನೋ, ಅವಳು ಏನೋ ಡ್ರಾಪ್ಸು, ಉಪವಾಸ ಅಂತಿದ್ದಳಲ್ಲೋ?"

"ಪಟ್ಟಿಯಲ್ಲಿ ಇಲ್ಲಮ್ಮ. 'ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು', ಅಷ್ಟೇ ಇರೋದು. ನೀನು ತಿನ್ನು!"

ಆಸ್ಪತ್ರೆಯಲ್ಲಿ ನರ್ಸ್ ಪ್ರಶ್ನೆ ಶುರುಮಾಡಿದಳು.

"ನಿನ್ನೆಯಿಂದ ಡ್ರಾಪ್ಸ್ ಹಾಕಿದ್ದೀರಾ?"

"ಯಾವ ಡ್ರಾಪ್ಸು?"

"ಶುಗರ್ ರಿಪೋರ್ಟ್ ಎಲ್ಲಿ?"

"ಅದೂ ಬೇಕಿತ್ತಾ?"

"ಬೆಳಗ್ಗೆಯಿಂದ ಏನೂ ತಿಂದಿಲ್ಲ ತಾನೇ?"

ಇದೊಂದಕ್ಕೆ ಯಜಮಾನರ ಬಳಿ ಉತ್ತರವಿತ್ತು. ಎದೆಯುಬ್ಬಿಸಿ ಹೇಳಿದರು: "ಹೆತ್ತ ತಾಯಿನ ಖಾಲಿ ಹೊಟ್ಟೇಲಿ ಕರ್ಕೊಂಡು ಬರ್ತೀನಾ ಸಿಸ್ಟರ್? ಎರಡೆರಡು ಸಲ ಬಡಿಸಿದ್ದೀನಿ!"

ನರ್ಸ್ ಕಡತ ಮುಚ್ಚಿದಳು. ಆಪರೇಷನ್ ಮುಂದಕ್ಕೆ ಹೋಯಿತು. ಅಮ್ಮ ಮಗನ ತೋಳನ್ನೂ ಹಿಡಿಯದೆ ಗೋಡೆ ತಡವಿಕೊಂಡೇ ಮೆಟ್ಟಿಲಿಳಿದರು.

ಅಂದು ಸಂಜೆ ಊರಿಂದ ಬಂದ ಹೆಂಡತಿ ಎಲ್ಲ ಕೇಳಿ, "ಮೊದಲು ಆ ಅಲಂಕಾರ ತೆಗೀರಿ" ಎಂದಳು. ಯಜಮಾನರು ಆಜ್ಞೆಯನ್ನು ಅಳಿಸಿದ್ದೇ ತಡ, ಒಳಸಾಲುಗಳು ದುಡುದುಡು ಇಳಿದು ಬಂದವು. ಡ್ರಾಪ್ಸ್ ಹಾಕುವುದು. ರಿಪೋರ್ಟ್ ತರುವುದು. ಬೆಳಗ್ಗೆ ಏನೂ ಕೊಡಬಾರದು. ಮುಂದೆ ಗುಂಡಿಯಿರುವ ರವಿಕೆ. ಒಗೆದ ದಿಂಬಿನ ಚೀಲ. ಮಗಳನ್ನು ಶಾಲೆಯಿಂದ ಕರೆತರಲು ಪಕ್ಕದ ಮನೆಯವರಿಗೆ ಹೇಳುವುದು. ಬೆರಳಿನಿಂದ ಎಷ್ಟು ಎಳೆದರೂ ಮುಗಿಯಲೊಲ್ಲದು!

"ಇಷ್ಟೆಲ್ಲಾ ಇತ್ತೇನೇ?"

"ಬರೆಯೋಕೆ ಪುರುಸೊತ್ತು ಸಿಕ್ಕಿದಷ್ಟು ರೀ ಇದು. ಮಿಕ್ಕಿದ್ದು ತಲೇಲಿದೆ."

ಯಜಮಾನರಿಗೆ ಮತ್ತೆ ಆವೇಶ ಬಂತು. "ಮುಂದಿನ ಸಲವೂ ಅಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ! ಒಂದಕ್ಷರ ಬಿಡದೆ ಓದ್ತೀನಿ, ನೋಡ್ತಿರು!"

ಹೆಂಡತಿ ಫೋನ್ ತೆಗೆದುಕೊಂಡು ಆಸ್ಪತ್ರೆಯ ಸಾಲಿನ ಕೆಳಗೆ, ಎಲ್ಲಕ್ಕಿಂತ ಮೊದಲು, ಹೊಸದೊಂದು ಒಳಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಅತ್ತೆಯ ಕೈಗಿಟ್ಟಳು. ಅಮ್ಮ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು:

"ಇವರನ್ನು... ಮನೆಯಲ್ಲೇ... ಬಿಟ್ಟು... ಹೋಗುವುದು."

ಆಮೇಲೆ ಆ ದಿನ ಮೊದಲ ಸಲ ನಕ್ಕು, "ಈ ಒಂದು ಸಾಲು ಪೊರೆ ಇದ್ರೂ ಚೆನ್ನಾಗಿ ಕಾಣುತ್ತೆ ಕಣಮ್ಮ" ಎಂದರು.