ಕ್ಯಾಪ್ಟನ್ ವಾಪಸ್ ಬರ್ತಾನಾ?

ಕಂಪ್ಯೂಟರ್ ಅಂಗಡಿ ಇಟ್ಟವನಿಗೆ ಕಂಪ್ಯೂಟರಿನಿಂದ ಆಗುವ ಫಜೀತಿ ಕಡಿಮೆ. ಅದರ ಮುಂದೆ ಬಂದು ಕೂರುವವರಿಂದಲೇ ದಿನಕ್ಕೊಂದು ತಮಾಷೆ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ಸೈಬರ್ ಸೆಂಟರ್ ಇತ್ತು. ಹಗಲು ಜಾತಕ, ಕರಪತ್ರ ಪ್ರಿಂಟು ಹಾಕುವುದು; ಸಂಜೆಯಾದರೆ ಕಾಲೇಜು ಹುಡುಗರ ಗೇಮು.

ಆಗ ಅಮೆರಿಕಾದಿಂದ ಬಂದ ಬಾಹ್ಯಾಕಾಶದ ಒಂದು ಗೇಮು ಎಲ್ಲರ ತಲೆ ಕೆಡಿಸಿತ್ತು. ಕೊನೆಯಲ್ಲಿ ಕ್ಯಾಪ್ಟನ್ ತನ್ನವರನ್ನೆಲ್ಲ ಸಣ್ಣ ನೌಕೆಗೆ ಹತ್ತಿಸಿ ಕಳಿಸಿ, ತಾನು ಮಾತ್ರ ಹಡಗಿನ ಸಮೇತ ಬ್ಲಾಕ್ ಹೋಲ್ ಒಳಗೆ ಹೋಗಿಬಿಡುತ್ತಿದ್ದ. ಪರದೆ ಕಪ್ಪಾಗಿ, ಎರಡನೇ ಭಾಗ ಬರಲಿದೆ ಎಂಬ ಒಂದು ಸಾಲು ಮೂಡುತ್ತಿತ್ತು. ಅವನು ಬದುಕಿದ್ದಾನಾ, ಹೋದನಾ, ಮುಂದಿನ ಕಥೆ ಏನು? ನನ್ನ ಅಂಗಡಿ ಅರಳೀಕಟ್ಟೆಯಾಯಿತು.

ಅದೇ ಸಮಯಕ್ಕೆ ಕುಣಿಗಲ್‌ನಲ್ಲಿ ನನಗೊಂದು ಹೆಣ್ಣು ನೋಡಿ ಬಂದಿದ್ದೆವು. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಹುಡುಗಿ ಸಣ್ಣಗೆ ನಕ್ಕಿದ್ದಳು, ನಾನು ಅಲ್ಲೇ ಸೋತಿದ್ದೆ. ಆದರೆ ಬಟ್ಟೆ ಅಂಗಡಿಯ ಅವಳಪ್ಪ, "ಹುಡ್ಗ ಗೇಮ್ ಆಡುಸ್ತಾನಂತೆ" ಎಂದು ಮುಖ ಗಂಟು ಹಾಕಿಕೊಂಡು, ಹೂಂ ಅನ್ನದೆ ಊಹೂಂ ಅನ್ನದೆ ಕೂತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

ಹುಟ್ಟಿದ ಊರು

ಜಾತಕ ಪ್ರಿಂಟು ಹಾಕಿಸಲು ಬರುತ್ತಿದ್ದ ಜೋಯಿಸರನ್ನು ಹುಡುಗರು ಹಿಡಿದುಕೊಂಡರು.

"ಸ್ವಾಮಿ, ಕ್ಯಾಪ್ಟನ್ ಜಾತಕ ನೋಡಿ ಹೇಳಿ. ಆಯಸ್ಸು ಐತಾ?"

"ಹುಟ್ಟಿದ ಊರು?"

"ಮಂಗಳ ಗ್ರಹ."

ಜೋಯಿಸರು ನಗಲಿಲ್ಲ. ನಶ್ಯ ಏರಿಸಿ, ಕಣ್ಣು ಮುಚ್ಚಿ, ಬೆರಳು ಮಡಚುತ್ತಾ ಲೆಕ್ಕ ಹಾಕಿದರು. ಮತ್ತೆ ಬಿಚ್ಚಿದರು. ಪ್ರಿಂಟಾದ ಜಾತಕ ಆರಿ, ತಣ್ಣಗಾಗಿ, ಫ್ಯಾನಿನ ಗಾಳಿಗೆ ಹಾರಿ ಕೆಳಗೆ ಬಿತ್ತು.

"ಕುಜನ ಮೇಲೇ ಹುಟ್ಟಿದವನಿಗೆ ಕುಜನ್ನ ಯಾವ ಮನೇಲಿ ಕೂರ್ಸೋದ್ರೋ? ಅಲ್ಲಿ ನಿಂತು ನೋಡಿದ್ರೆ ಆಕಾಶದಲ್ಲಿ ಕಾಣೋದು ನಮ್ಮ ಭೂಮಿ. ಅವನಿಗೆ ದೋಷ ಅಂತ ಏನಾದ್ರೂ ಇದ್ರೆ ಅದು ನಾವೇ. ಶಾಂತಿ ಮಾಡಿಸೋದಾದ್ರೆ ನಮಗೇ ಮಾಡಿಸ್ಬೇಕು."

ಪಾರ್ಟಿನ ಹಕ್ಕು

ಗುಬ್ಬಿಯ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಹಳ್ಳಿಗಳಲ್ಲಿ ನಾಟಕ ಕಲಿಸುತ್ತಿದ್ದರು. ಕರಪತ್ರಕ್ಕೆಂದು ಬಂದವರು ನಮ್ಮ ವಾದ ಕೇಳಿ ಒಂದೇ ಮಾತಿಗೆ ತೀರ್ಪು ಕೊಟ್ಟರು. "ಸಾಯಲ್ಲ ಬುಡ್ರಪ್ಪಾ. ಮೇನ್ ಪಾರ್ಟು. ದುಡ್ ಹಾಕಿರೋನು ಸುಮ್ನಿರ್ತಾನಾ?"

ನಮ್ಮ ಕಡೆ ಹಳ್ಳಿ ನಾಟಕದಲ್ಲಿ ಪಾರ್ಟು ಬೇಕಾದವರೇ ದುಡ್ಡು ಹಾಕಿ ಆಡುವುದು. ದೊಡ್ಡ ಪಾರ್ಟಿಗೆ ದೊಡ್ಡ ಗಂಟು. ಅಮೆರಿಕಾದವರೂ ಹಾಗೇ ಎಂದು ಮೇಷ್ಟ್ರು ನಂಬಿದ್ದರು.

"ಹಾಗಲವಾಡಿಲಿ ಒಂದ್ಸಲ ಖಳನ ಪಾರ್ಟಿಗೆ ಎಲ್ರಿಗಿಂತ ಜಾಸ್ತಿ ಹಾಕಿದ್ದ ಒಬ್ಬ ಗೌಡ. ಹೀರೋ ಬಾಣ ಬಿಟ್ಟ, ಬೀಳ್ಲಿಲ್ಲ. ಇನ್ನೊಂದು ಬಿಟ್ಟ, ಅದನ್ನ ಕಂಕುಳಲ್ಲಿ ಇಟ್ಕಂಡು ಹಾಡೋಕೆ ಶುರು ಮಾಡ್ದ. ನಾನು ಹಾರ್ಮೋನಿಯಂ ನಿಲ್ಸಿ, 'ಸಾಯಪ್ಪಾ' ಅಂತ ಕೈ ಮುಗ್ದೆ."

"ಆಮೇಲೆ ಸತ್ನಾ?"

"ಎಲ್ಲಿ ಸಾಯ್ತಾನೆ? 'ನಮ್ಮತ್ತೆ ಮನೆಯವ್ರು ಇನ್ನೂ ಬಂದಿಲ್ಲ' ಅಂದ. ಹೀರೋನೇ ಸುಸ್ತಾಗಿ ಕೂತ್ಕಂಡ."

ಕುಣಿಗಲ್ ಫೋನು

ಒಂದು ದಿನ ಹುಡುಗಿಯ ಅಪ್ಪ ಹೇಳದೆ ಕೇಳದೆ ಅಂಗಡಿಗೆ ಬಂದುಬಿಟ್ಟರು. ನನ್ನ ನಡತೆ ನೋಡಲು ಬಂದಿದ್ದು, ಅದು ಗೊತ್ತಾಗುತ್ತಿತ್ತು. ನಾನು ಬೆವರುತ್ತಾ ಕುರ್ಚಿ ಒರೆಸಿ ಕೊಟ್ಟೆ. ಹುಡುಗರು ಮಾತ್ರ ಅವರ ಎದುರಿಗೇ ಕ್ಯಾಪ್ಟನ್ ಗಲಾಟೆ ಎತ್ತಿದರು. ಮುಗಿಯಿತು ನನ್ನ ಮದುವೆ ಎಂದುಕೊಂಡೆ.

ಆದರೆ ಅವರು ಕುರ್ಚಿಯನ್ನು ಮೆಲ್ಲಗೆ ಪರದೆಯ ಹತ್ತಿರ ಎಳೆದುಕೊಂಡರು. ಕೊನೆಯ ದೃಶ್ಯ ನೋಡಿದರು. ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು. ಎದ್ದು ಹೋಗಿ ಕುಣಿಗಲ್ ಬಸ್ಸು ಹತ್ತಿದರು.

ಮಾರನೇ ದಿನ ಬೆಳಗ್ಗೆ ಫೋನು. ಅವರದೇ ದನಿ.

"ಯೋಚ್ನೆ ಮಾಡ್ದೆ ಕಣಪ್ಪಾ. ನಿದ್ದೆನೇ ಬರ್ಲಿಲ್ಲ."

"ಹೇಳಿ ಸಾರ್," ಎಂದೆ.

"ಆ ಕರೀ ತೂತಿನೊಳಗೆ ಹೋದ್ನಲ್ಲಾ, ಊಟಕ್ಕೆ ಏನ್ ಮಾಡ್ತಾನೆ?"

ಬಲಗಡೆ ಹೂವು

ಕೊನೆಗೆ ನಮ್ಮಮ್ಮನೇ, "ದೇವರನ್ನೇ ಕೇಳಿಬಿಡೋಣ" ಎಂದರು. ತುಮಕೂರಿನ ಪಕ್ಕದ ಕೋರದ ಹತ್ತಿರ ಎರಡೂ ಮನೆಯವರು ನಡೆದುಕೊಳ್ಳುವ ಒಂದು ಈಶ್ವರನ ಗುಡಿಯಿದೆ. ಹೆಣ್ಣಿನ ಅಪ್ಪ ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ದೇವರ ಮೇಲಿಟ್ಟ ಹೂವುಗಳಲ್ಲಿ ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆ ಬಿದ್ದರೆ ಬೇಡ ಎಂದು. ದೇವರು ಬೇಡ ಎಂದರೆ ಆಮೇಲೆ ಯಾರೂ ಆ ಮಾತೆತ್ತುವ ಹಾಗಿಲ್ಲ.

ಅವರು ಕಣ್ಣು ಮುಚ್ಚಿ ನಿಂತರು. ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಬಲಗಡೆಯ ಸೇವಂತಿಗೆ ಜಾರಿ ತಟ್ಟೆಗೆ ಬಿತ್ತು. ಪೂಜಾರಿ ಗಂಟೆ ಬಾರಿಸಿದರು, ನಮ್ಮಮ್ಮ ಕಣ್ಣು ಒರೆಸಿಕೊಂಡರು. ನನಗಾದ ಸಂತೋಷಕ್ಕೆ ಕಂಬ ಹಿಡಿದುಕೊಂಡು ನಿಂತೆ.

ಹುಡುಗಿಯ ಅಪ್ಪನ ಮುಖ ಮಾತ್ರ ಬಿಳುಚಿಕೊಂಡಿತ್ತು.

"ಯಾಕೆ, ಏನಾಯ್ತು?" ಎಂದರು ಅವರ ಹೆಂಡತಿ.

"ಮದ್ವೆ ವಿಷ್ಯನೇ ಕೇಳೋಣ ಅಂತ ಕಣ್ ಮುಚ್ದೆ ಕಣೇ. ಮುಚ್ಚುತ್ಲೂ ಆ ಹಡಗೇ ಕಣ್ಮುಂದೆ ಬಂತು. ಕ್ಯಾಪ್ಟನ್ ವಾಪಸ್ ಬರ್ತಾನಾ ಅಂತ ಕೇಳ್ಬುಟ್ಟೆ."

ಮತ್ತೊಂದು ಸಲ ಕೇಳೋಣವೆಂದರೆ ಪೂಜಾರಿ ಆಗಲ್ಲವೆಂದು ತಲೆ ಆಡಿಸಿದರು. "ಒಂದು ಮನೆಗೆ ವರ್ಷಕ್ಕೆ ಒಂದೇ ಸಲ."

ಆಗ, ಅಲ್ಲಿಯವರೆಗೂ ತಲೆ ತಗ್ಗಿಸಿ ನಿಂತಿದ್ದ ಹುಡುಗಿ ಬಾಯಿ ಬಿಟ್ಟಳು.

"ಅಪ್ಪಾ, ಕ್ಯಾಪ್ಟನ್ ಬರ್ತಾನೆ ಅಂತ ದೇವ್ರೇ ಹೇಳಾಯ್ತಲ್ಲ. ಬಂದಾಗ ನೋಡೋಕೆ ನಮ್ಮನೇಲಿ ಕಂಪ್ಯೂಟರ್ ಎಲ್ಲೈತೆ? ಇವ್ರ ಅಂಗ್ಡಿಗೇ ಹೋಗ್ಬೇಕು. ನನ್ನ ಬೇರೆ ಕಡೆ ಕೊಟ್ಮೇಲೆ ಇವ್ರು ನಿಮ್ಮನ್ನ ಒಳಗೆ ಬಿಟ್ಕೋತಾರಾ?"

ಅವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ದೇವರನ್ನೂ ಒಂದು ಸಲ ನೋಡಿದರು. ಆಮೇಲೆ ಪೂಜಾರಿಯ ಕಡೆ ತಿರುಗಿದರು.

"ತಾಂಬೂಲದ ತಟ್ಟೆ ತನ್ನಿ ಸ್ವಾಮಿ. ಮುಹೂರ್ತ ಮಾತ್ರ ಆ ಎರಡನೇ ಭಾಗ ಬರೋದ್ರೊಳಗೇ ಇಡ್ಬೇಕು. ಅದು ಬಂದ್ಮೇಲೆ ಹೆಣ್ಣು ಧಾರೆ ಎರೆಯೋಕೆ ನಂಗೆ ಪುರ್ಸೊತ್ತಿರಲ್ಲ."