ಹೆಬ್ಬೆಟ್ಟಿನ ಉತ್ತರ

ಎಲ್ಲಾ ಶುರುವಾದದ್ದು ಕದಿರೇಶ ಒತ್ತಿದ ಒಂದು ಹೆಬ್ಬೆಟ್ಟಿನಿಂದ.

ವೇಮಗಲ್‌ನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅವನ ಹೆಂಡತಿ ಮೌನಿಕಾ, ಬೇಸಿಗೆ ರಜೆಯಲ್ಲಿ ಎರಡು ದಿನದ ಮಟ್ಟಿಗೆ ಶ್ರೀನಿವಾಸಪುರದ ತವರಿಗೆ ಹೋಗಿದ್ದಳು. ಮದುವೆಯಾದ ದಿನದ ನೆನಪಿಗೆ ಅಲ್ಲಿಂದ ಇಂಗ್ಲಿಷಿನಲ್ಲಿ ಒಂದು ಮೆಸೇಜು ಕಳಿಸಿದಳು: ಮಾವಿನ ಮರದ ಕೆಳಗೆ ಕೂತು, ನಿಮ್ಮನ್ನೇ ನೆನೆಯುತ್ತಾ, ಒಬ್ಬಳೇ ನಗುತ್ತಾ ಇದನ್ನು ಬರೆಯುತ್ತಿದ್ದೇನೆ ಅಂತ. ಪಾಪ, ಎಷ್ಟು ಪ್ರೀತಿಯಿಂದ ಬರೆದಿದ್ದಳೋ! ಈ ಮಹಾನುಭಾವ ಅದಕ್ಕೆ ವಾಟ್ಸಾಪಿನ ಹೆಬ್ಬೆಟ್ಟು ಒತ್ತಿ ಮಲಗಿಬಿಟ್ಟ. ಆಮೇಲೆ ಅವಳು ಇವನ ಫೋನೇ ಎತ್ತಲಿಲ್ಲ. ಎರಡು ದಿನ ಹೋಗಿ ವಾರವಾಯಿತು.

ಬೆಳಗ್ಗೆ ನರಸಾಪುರದ ಕಂಪನಿ ಬಸ್ಸಿನಲ್ಲಿ ಅವನ ಸಪ್ಪೆ ಮುಖ ನೋಡಿ ಪಕ್ಕದ ಸೀಟಿನ ಚಂದ್ರು ಎಲ್ಲಾ ಬಾಯಿ ಬಿಡಿಸಿದ. ಕ್ಯಾಂಟೀನಿನ ಭಾರತಮ್ಮ ಹಿಂದಿನ ಸೀಟಿನಿಂದ ಎದ್ದೇ ಬಂದಳು.

"ಇಂಗ್ಲಿಷಲ್ಲೇ ಬರೆಯೋ, ಕರಗ್ತಾಳೆ," ಎಂದ ಚಂದ್ರು.

ಕದಿರೇಶ ಬರೆದ: 'ಐ ಮಿಸ್ ಯೂ. ಪ್ಲೀಸ್ ಕಮ್.'

"ಇಷ್ಟೇನಾ? ಒಗ್ಗರಣೆ ಇಲ್ದಿರೋ ಸಾರು ಇದ್ದಂಗಿದೆ," ಎಂದಳು ಭಾರತಮ್ಮ.

ಮೌನಿಕಾ ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಕದಿರೇಶನಿಗೆ ನೆನಪಾಯಿತು. ವಾಕ್ಯ ಬೋಳಾಗಿದ್ದರೆ, ಏನು ಮಾಡುತ್ತಾ ಅಂತ ಹೇಳುವ ಒಂದೆರಡು 'ಇಂಗ್' ಪದ ಮೊದಲಿಗೆ ಸೇರಿಸಿ, ಓದುವವರ ಕಣ್ಣಿಗೆ ಕಟ್ಟುತ್ತದೆ ಅಂತ. ಅದನ್ನು ಬಸ್ಸಿನಲ್ಲಿ ಹೇಳಿದ್ದೇ ತಪ್ಪಾಯಿತು.

"ಮನೇಲಿ ಏನ್ ಮಾಡ್ತಿದ್ದೀಯಲಾ ಈಗ?" ಎಂದ ಚಂದ್ರು.

"ಏನೂ ಇಲ್ಲ ಕಣೋ. ಬನ್ನು ತಿಂದು ಮಲಕ್ಕೊಂತೀನಿ."

"ಅದನ್ನ ಬರೆದ್ರೆ ಯಾರು ಬರ್ತಾರೆ? ಕುಕಿಂಗ್ ಅಲೋನ್ ಅಂತ ಹಾಕು!"

"ಪಾತ್ರೆ ತೊಳಿಯೋದೂ ಹಾಕಪ್ಪ," ಎಂದಳು ಭಾರತಮ್ಮ. "ಕರುಳು ಚುರ್ ಅನ್ನುತ್ತೆ."

ಡ್ರೈವರ್ ಗಂಗುಲಪ್ಪ ಕನ್ನಡಿಯಲ್ಲೇ ನೋಡುತ್ತಾ ಕೂಗಿದ: "ಏಮಪ್ಪಾ, ಬಟ್ಟೆ ಯಾರು ಒಗೀತಾರೆ? ಅದನ್ನೂ ಸೇರ್ಸು!"

ಕಂಪನಿ ಗೇಟು ಬರುವಷ್ಟರಲ್ಲಿ ಮೆಸೇಜು ಹೀಗಾಗಿತ್ತು: 'ಕುಕಿಂಗ್ ಅಲೋನ್, ವಾಷಿಂಗ್ ವೆಸೆಲ್ಸ್, ವಾಷಿಂಗ್ ಕ್ಲಾತ್ಸ್, ಸ್ವೀಪಿಂಗ್ ಹೌಸ್, ವಾಟರಿಂಗ್ ತುಳಸಿ, ಥಿಂಕಿಂಗ್ ಓನ್ಲಿ ಯೂ, ಐ ಮಿಸ್ ಯೂ.' ಆ ನೂಕುನುಗ್ಗಲಿನಲ್ಲಿ 'ಪ್ಲೀಸ್ ಕಮ್' ಎಲ್ಲೋ ಬಿದ್ದುಹೋದದ್ದನ್ನು ಯಾರೂ ಗಮನಿಸಲಿಲ್ಲ. ಕಳಿಸಿ, ಫೋನು ಲಾಕರಿನಲ್ಲಿಟ್ಟು ಒಳಗೆ ಹೋದರು.

ಸಂಜೆ ಬಸ್ಸು ಹತ್ತಿ ನೋಡಿದರೆ ಮೌನಿಕಾಳ ವಾಯ್ಸ್ ಮೆಸೇಜು! ಎಲ್ಲರಿಗೂ ಕೇಳುವ ಹಾಗೆ ಚಂದ್ರುವೇ ಒತ್ತಿದ.

"ರೀ, ಓದಿ ಅಳು ಬಂತು ಕಣ್ರೀ. ಹೆಬ್ಬೆಟ್ಟು ಒತ್ತೋರು ಇಷ್ಟೊಂದು ಬರೆದಿದ್ದೀರಲ್ಲ! ನೀವು ಉಪವಾಸ ಇರ್ತೀರ ಅಂತ ಇವತ್ತೇ ಬರೋಕೆ ಬ್ಯಾಗ್ ತುಂಬಿಟ್ಟಿದ್ದೆ. ಎಲ್ಲಾ ನೀವೇ ನೋಡ್ಕೊಂತಿದ್ದೀರಲ್ಲ, ನೆಮ್ಮದಿ ಆಯ್ತು. ಅಮ್ಮನಿಗೆ ಉಪ್ಪಿನಕಾಯಿ ಹಾಕಿಕೊಟ್ಟು, ರಜೆ ಮುಗಿಸ್ಕೊಂಡೇ ಬರ್ತೀನಿ."

ಚಂದ್ರು ಫೋನನ್ನು ಮೆಲ್ಲಗೆ ವಾಪಸ್ಸು ಕೊಟ್ಟ. ಕದಿರೇಶ ಈ ಸಲ ಯಾರನ್ನೂ ಕೇಳಲಿಲ್ಲ. 'ಮಾರ್ನಿಂಗ್ ಮೆಸೇಜ್ ಆಲ್ ಲೈಸ್. ಐ ಈಟ್ ಬನ್. ಹೌಸ್ ಡರ್ಟಿ. ಪ್ಲೀಸ್ ಕಮ್,' ಎಂದು ಒತ್ತಿ ಕಳಿಸಿಬಿಟ್ಟ.

ಕೂಡಲೇ ಉತ್ತರ ಬಂತು. ಒಂದೇ ಒಂದು ಹೆಬ್ಬೆಟ್ಟು.

"ಬರ್ತೀನಿ ಅಂತ ಕಣಪ್ಪ," ಎಂದಳು ಭಾರತಮ್ಮ.

"ಇಲ್ಲಕ್ಕ, ಅಲ್ಲೇ ಬಿದ್ದಿರು ಅಂತ," ಎಂದ ಚಂದ್ರು.

ವೇಮಗಲ್‌ನಲ್ಲಿ ಇಳಿದು ಕದಿರೇಶ ಅದನ್ನೇ ನೋಡಿದ. ಮಾವಿನ ಮರದ ಕೆಳಗೆ ಅವಳೂ ಅವತ್ತು ತನ್ನ ಹೆಬ್ಬೆಟ್ಟನ್ನು ಹೀಗೇ ನೋಡುತ್ತಾ ಕೂತಿದ್ದಳೇನೋ ಅನ್ನಿಸಿತು. ಒಂದು ಬನ್ನು ಕೇಳಲೋ, ಎರಡು ಕೇಳಲೋ ಗೊತ್ತಾಗದೆ ಬೇಕರಿ ಮುಂದೆ ನಿಂತೇ ಇದ್ದ.