ಸಾಹೇಬರಿಗೆ ಸೆಕೆಯಾಗಬಾರದು

ಬೆವರಪ್ಪನ ಕಾರಿನ ಎ.ಸಿ.ಯನ್ನು ಎ.ಸಿ. ಎಂದು ಕರೆಯಬೇಕಾದರೆ ದೊಡ್ಡ ಮನಸ್ಸು ಬೇಕು. ಗುಂಡಿ ಒತ್ತಿದರೆ ಅದು ಗೊರಗೊರ ಅನ್ನುತ್ತಿತ್ತು, ನಡುಗುತ್ತಿತ್ತು, ಕೊನೆಗೆ ಜ್ವರ ಬಂದವರ ಉಸಿರಿನಷ್ಟು ಬೆಚ್ಚನೆಯ ಗಾಳಿ ಬಿಡುತ್ತಿತ್ತು. ಸಿಮೆಂಟ್ ಗೋದಾಮಿನ ಗುಮಾಸ್ತನಾದ ಆತ ಕೆಲಸಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ಅಂಗಿ ಹಿಂಡಿ ಒಣಹಾಕುವ ಸ್ಥಿತಿಗೆ ಬಂದಿರುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಮಿಕ್ಕೆಲ್ಲ ಕಡೆ ಅವನು ಬೆವರಪ್ಪನೇ ಆಗಿಬಿಟ್ಟಿದ್ದ.

ಊರಿನ ಬಿಸಿಲೂ ಹಾಗೇ ಇತ್ತೆನ್ನಿ. ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು ಬೇರೆ. ಕಂಪನಿಗೆ ಬೆಟ್ಟದ ಮೇಲೊಂದು ಪುಟ್ಟ ಕಚೇರಿಯಿತ್ತು. ಅಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಅಲ್ಲಿ ಮಧ್ಯಾಹ್ನವೂ ಸ್ವೆಟರ್ ಹಾಕುತ್ತಾರಂತೆ ಎಂದು ಕೇಳಿದ ದಿನದಿಂದ ಬೆವರಪ್ಪನಿಗೆ ಬೇರೆ ಧ್ಯಾನವೇ ಇಲ್ಲ. ಈ ಸೆಕೆ ತನ್ನ ದೇಹಕ್ಕೆ ಆಗಿಬರುವುದಿಲ್ಲ, ಬೆಟ್ಟಕ್ಕೆ ವರ್ಗ ಮಾಡಿ ಎಂದು ಹೆಡ್ಡಾಫೀಸಿಗೆ ಅರ್ಜಿಯ ಮೇಲೆ ಅರ್ಜಿ ಹಾಕಿದ್ದ.

ಆ ದಿನ ಅವನಿನ್ನೂ ಹಲ್ಲುಜ್ಜುತ್ತಿದ್ದಾಗ ಗೋದಾಮಿನಲ್ಲಿ ಹಾಜರಿ ಬರೆಯುವ ಟೈಮ್ ಕೀಪರ್ ಫೋನ್ ಮಾಡಿದ.

"ಸಾರ್, ಹೆಡ್ಡಾಫೀಸಿನ ದೊಡ್ಡ ಸಾಹೇಬರು ಮಧ್ಯಾಹ್ನದ ರೈಲಿಗೆ ಬರ್ತಿದಾರಂತೆ. ನಿಮ್ಮ ಕಾರಲ್ಲೇ ಬರ್ತೀನಿ ಅಂತ ಅವರೇ ಹೇಳಿದಾರಂತೆ."

"ನನ್ನ ಕಾರಲ್ಲಾ!" ಬೆವರಪ್ಪನ ಬಾಯಲ್ಲಿದ್ದ ನೊರೆ ಫೋನಿಗೆ ಹಾರಿತು.

"ಹೂಂ. ಬೆಟ್ಟದ ವಿಚಾರ ಇವತ್ತೇ ತೀರ್ಮಾನ ಆಗುತ್ತಂತೆ. ನಿಮ್ಮ ಎ.ಸಿ. ಒಂಚೂರು ನೋಡ್ಕೊಳ್ಳಿ ಸಾರ್. ಸಾಹೇಬರಿಗೆ ಸೆಕೆ ಆಗಬಾರದು ನೋಡಿ."

ಬೆಟ್ಟದ ಜಾಗಕ್ಕೆ ಟೈಮ್ ಕೀಪರನೂ ಅರ್ಜಿ ಹಾಕಿದ್ದ. ಆದರೂ ತನಗೆ ಒಳ್ಳೆಯದು ಹೇಳುತ್ತಾನಲ್ಲ, ಎಂಥ ಮನುಷ್ಯ ಎಂದು ಬೆವರಪ್ಪನ ಕಣ್ಣು ತೇವವಾಯಿತು.

ಹೆಂಡತಿ ಅಡುಗೆಮನೆಯಿಂದ ಕುತ್ತಿಗೆ ತೋರಿಸುತ್ತಾ ಬಂದಳು. "ಇಲ್ನೋಡಿ, ಬೆವರುಸಾಲೆ ಹೇಗೆ ಎದ್ದಿದೆ. ಈ ಸಲವೂ ಬೆಟ್ಟ ತಪ್ಪಿತೋ, ನಾನು ತವರಿಗೆ ಹೋಗೋಳೇ."

"ನಿನ್ನ ತವರು ಇದೇ ಬೀದಿ ಕೊನೇಲಿ ಇದೆ ಕಣೇ. ಅಲ್ಲೂ ಇದೇ ಸೆಕೆ."

"ಅಲ್ಲಿ ಬರೀ ಸೆಕೆ. ಇಲ್ಲಿ ಸೆಕೆ ಜೊತೆಗೆ ನೀವು."

ಬೆವರಪ್ಪ ಹೊರಗೆ ಹೋಗಿ ಕಾರಿನ ಬಾನೆಟ್ ಎತ್ತಿದ. ಯಾರಾದರೂ ಬಾನೆಟ್ ಎತ್ತಿದರೆ ಸಾಕು, ಪಕ್ಕದ ಮನೆಯ ನಿವೃತ್ತ ಇಂಜಿನಿಯರ್ ನೆಲ ಸೀಳಿಕೊಂಡು ಬಂದವರಂತೆ ಪ್ರತ್ಯಕ್ಷವಾಗುತ್ತಿದ್ದರು. ಜೀವಮಾನವೆಲ್ಲ ಸೇತುವೆ ಕಟ್ಟಿದವರು ಅವರು. ಕಾರಿಗೂ ಸೇತುವೆಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

"ಮುಂದುಗಡೆ ಜಾಲರಿ ಥರ ಇದೆಯಲ್ಲ, ಅದು ಕಂಡೆನ್ಸರ್ ಕಣ್ರೀ. ಕಾರೊಳಗಿನ ಬಿಸಿ ಹೊರಗೆ ಹೋಗೋದು ಅಲ್ಲಿಂದ. ಅದರ ತುಂಬ ನಿಮ್ಮ ಗೋದಾಮಿನ ಧೂಳು ಮೆತ್ಕೊಂಡಿದೆ. ಬಿಸಿ ಪಾಪ ಎಲ್ಲಿಗೆ ಹೋಗಬೇಕು? ಪೈಪ್ ತನ್ನಿ!"

ಹೇಳಿದ ಮಾತು ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ಪೈಪನ್ನು ಅವರೇ ಹಿಡಿದಾಗ. ನಲ್ಲಿ ತಿರುಗಿಸಿದ್ದೇ ತಡ, ಪೈಪು ಅವರ ಕೈ ಕೊಸರಿಕೊಂಡು ಮೇಲಕ್ಕೆ ಹೆಡೆಯೆತ್ತಿತು. ಮೇಲಿನ ಮಹಡಿ ಮನೆಯಿಂದ ಬಗ್ಗಿ ನೋಡುತ್ತಿದ್ದ ಅಜ್ಜಿಯ ಕನ್ನಡಕಕ್ಕೆ ನೀರು ಫಳಾರನೆ ಹೊಡೆಯಿತು.

"ಅಯ್ಯೋ ನಿಮ್ಮ ಕೈ ಸೇದಿಹೋಗ! ಸ್ನಾನ ಆಗಿತ್ತು ಕಣ್ರೋ ನಂದು!"

ಅಜ್ಜಿ ಧಡಧಡ ಮೆಟ್ಟಿಲಿಳಿದು ಬಂದದ್ದು ಜಗಳಕ್ಕೆಂದೇ ಎಲ್ಲರೂ ಅಂದುಕೊಂಡರು. ಆದರೆ ವಿಷಯ ತಿಳಿದದ್ದೇ ಆಕೆಯ ಸಿಟ್ಟೆಲ್ಲ ಸಲಹೆಯಾಗಿ ಬದಲಾಯಿತು. "ಇಷ್ಟಕ್ಕೆ ಇಷ್ಟೊಂದು ಒದ್ದಾಟವೇನಪ್ಪಾ? ಹಿಂದಿನ ಸೀಟಲ್ಲಿ ಬಕೆಟ್ ತುಂಬ ಮಂಜುಗಡ್ಡೆ ಇಡು. ನಿಮ್ಮ ಸಾಹೇಬ ಗಡಗಡ ನಡುಗದಿದ್ರೆ ಕೇಳು."

ಜಾಲರಿ ತೊಳೆದರೂ ಗಾಳಿ ತಂಪಾಗದ್ದರಿಂದ, ದಾರಿಯಲ್ಲಿ ಮಂಜುಗಡ್ಡೆಯನ್ನೂ ಕೊಂಡು ಬಕೆಟಿಗೆ ತುಂಬಿಸಿಕೊಂಡು ಬೆವರಪ್ಪ ಮೆಕ್ಯಾನಿಕ್‌ನ ಶೆಡ್ಡಿಗೆ ಹೊರಟ. ತಿರುವಿನಲ್ಲಿ ಲಾರಿಯೊಂದು ಅಡ್ಡ ಬಂತು. ಇವನು ಬ್ರೇಕ್ ಒತ್ತಿದ, ಬಕೆಟ್ ಮಗುಚಿಕೊಂಡಿತು. ಶೆಡ್ಡು ಮುಟ್ಟುವಾಗ ದೊಡ್ಡ ಸಾಹೇಬರು ಕೂರಬೇಕಾದ ಸೀಟಿನಲ್ಲಿ ಸಣ್ಣ ಕೆರೆಯಾಗಿತ್ತು.

ಮೆಕ್ಯಾನಿಕ್ ಸೀಟು ನೋಡಿದ, ಬೆವರಪ್ಪನನ್ನು ನೋಡಿದ, ಏನೂ ಕೇಳದೆ ಸೀಟು ಕಳಚಿ ಬಿಸಿಲಿಗಿಟ್ಟ. ಅದು ಹಪ್ಪಳದಂತೆ ಒಣಗಿತು. ಆ ಊರಿನ ಬಿಸಿಲಿನಿಂದ ಬೆವರಪ್ಪನಿಗಾದ ಉಪಕಾರ ಅದೊಂದೇ.

ಆಮೇಲೆ ಮೆಕ್ಯಾನಿಕ್ ಮುಂದಿನ ಸೀಟಿನೆದುರಿನ ಡಬ್ಬಿ ಬಿಚ್ಚಿ, ಒಳಗೆ ಕೈ ಹಾಕಿ, ಬೂದು ಬಣ್ಣದ ಚೌಕವೊಂದನ್ನು ಎಳೆದು ನೆಲಕ್ಕೆ ಹಾಕಿದ. ಠಣ್ ಎಂದು ಸದ್ದಾಯಿತು.

"ಸಾರ್, ಇದು ಗಾಳಿ ಫಿಲ್ಟರಾ, ಇಟ್ಟಿಗೆನಾ?"

"ಯಾಕಪ್ಪಾ?"

"ಸಿಮೆಂಟು ಧೂಳು, ಮೇಲೆ ತೇವ. ಒಳಗೇ ಗಟ್ಟಿಯಾಗಿದೆ. ಇಂಥವು ಇನ್ನೊಂದಿಷ್ಟು ಕೊಡಿ, ಶೆಡ್ಡಿಗೆ ಗೋಡೆ ಕಟ್ಕೋತೀನಿ. ಸರಿ, ಬ್ಲೋವರ್ ಹಾಕ್ತೀನಿ, ಗಾಳಿ ಬರುತ್ತಾ ನೋಡಿ."

ಬೆವರಪ್ಪ ಭಕ್ತಿಯಿಂದ ಗಾಳಿಕಿಂಡಿಗೆ ಮುಖ ಒಡ್ಡಿದ. ಗಾಳಿ ಬಂತು. ಅದರ ಹಿಂದೆಯೇ ಅಷ್ಟು ವರ್ಷಗಳಿಂದ ಒಳಗೆ ಮನೆಮಾಡಿಕೊಂಡಿದ್ದ ಧೂಳೆಲ್ಲ ಬಂತು. ಅವನು ಹೊರಗಿಳಿದಾಗ ಶೆಡ್ಡಿನ ನಾಯಿ ಒಂದು ಸಲ ನೋಡಿ, ಬೊಗಳಲೂ ಮನಸ್ಸಾಗದೆ ಎದ್ದು ಹೋಯಿತು.

"ಗಾಳಿ ಬಂತಾ ಸಾರ್?"

"ಬಂತಪ್ಪಾ," ಎಂದು ಬೆವರಪ್ಪ ಸೀನಿದ.

ಮೆಕ್ಯಾನಿಕ್ ಹೊಸ ಫಿಲ್ಟರ್ ಕೂರಿಸಿದ, ಗ್ಯಾಸ್ ತುಂಬಿಸಿದ. ಕೊನೆಗೆ ಸ್ಟೀರಿಂಗ್ ಪಕ್ಕದ ಒಂದು ಗುಂಡಿ ನೋಡಿ ಹಣೆ ಚಚ್ಚಿಕೊಂಡ. "ಇದನ್ನ ಯಾರು ಸಾರ್ ಹೀಗಿಟ್ಟಿದ್ದು? ಒಳಗಿನ ತಂಪು ಗಾಳೀನೇ ತಿರುಗಿಸೋದು ಬಿಟ್ಟು, ಹೊರಗಿನ ಬಿಸಿಗಾಳಿ ಎಳ್ಕೊಳ್ತಾ ಇದೆ."

"ನಮ್ಮನೆಯವಳು. ತಾಜಾ ಗಾಳಿ ಬರಲಿ ಅಂತ..."

"ಈ ಊರಲ್ಲಿ ತಾಜಾ ಗಾಳಿ ಅಂದ್ರೆ ಒಲೆ ಗಾಳಿ ಸಾರ್!"

ಗುಂಡಿ ಒತ್ತಿದ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಬಂತು ನೋಡಿ ತಂಪು! ಅಂಗೈಗೆ, ಮೊಣಕೈಗೆ, ಕುತ್ತಿಗೆಗೆ, ಹೊಟ್ಟೆಯವರೆಗೂ ಇಳಿಯುವ ತಂಪು. ಬೆವರಪ್ಪನಿಗೆ ನಿಜವಾಗಿಯೂ ಅಳು ಬಂತು. ಅರ್ಧ ಬೆಟ್ಟ ಹತ್ತಿದಂತೆಯೇ ಅನ್ನಿಸಿತು ಅವನಿಗೆ. ಶೆಡ್ಡಿನ ನಲ್ಲಿಯಲ್ಲೇ ಮುಖ ತೊಳೆದು, ಮೆಕ್ಯಾನಿಕ್‌ನ ಇಸ್ತ್ರಿ ಮಾಡಿದ ಒಂದೇ ಅಂಗಿಯನ್ನು ಕಾಡಿಬೇಡಿ ಹಾಕಿಕೊಂಡು ಸ್ಟೇಷನ್ನಿಗೆ ಓಡಿದ.

ದೊಡ್ಡ ಸಾಹೇಬರು ಕಡ್ಡಿಯಂಥ ಮನುಷ್ಯ. ರೈಲಿಳಿದು ಬಿಸಿಲಿಗೆ ಕಾಲಿಟ್ಟಿದ್ದೇ "ಅಬ್ಬಬ್ಬಾ!" ಅಂದರು. ಕಾರಿನೊಳಗೆ ಕೂತಿದ್ದೇ ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಕೈ ಕಟ್ಟಿಕೊಂಡರು. ಇನ್ನೂ ಸ್ವಲ್ಪ ಹೊತ್ತಿಗೆ ಕರವಸ್ತ್ರ ಬಿಡಿಸಿ ಕಿವಿಗೆ ಸುತ್ತಿಕೊಂಡರು.

"ಕಡಿಮೆ ಮಾಡ್ಲಾ ಸಾರ್?"

"ಬೇಡ ಬೇಡ. ಇರಲಿ. ನೋಡ್ತಾ ಇದೀನಿ."

ನೋಡುತ್ತಿದ್ದಾರಂತೆ! ಬೆವರಪ್ಪ ಹಿಗ್ಗಿ ಹೀರೇಕಾಯಿಯಾಗಿ ಎ.ಸಿ.ಯನ್ನು ಇನ್ನೊಂದು ಸುತ್ತು ಏರಿಸಿದ. ಗೋದಾಮಿನ ಗೇಟು ಬರುವಷ್ಟರಲ್ಲಿ ಸಾಹೇಬರು ಎರಡು ಸಲ ಸೀನಿದ್ದರು. ಬೆವರಪ್ಪನ ಹಣೆಯ ಮೇಲೆ ಒಂದೇ ಒಂದು ಹನಿ ಬೆವರಿರಲಿಲ್ಲ.

ಕಚೇರಿಯಲ್ಲಿ ಕೂತು ಸಾಹೇಬರು ಗಂಟಲು ಸರಿಮಾಡಿಕೊಂಡರು.

"ನಿಮ್ಮ ಕಾರೇ ಬೇಕು ಅಂತ ಯಾಕೆ ಹೇಳಿದೆ ಗೊತ್ತೇನ್ರೀ? ಸೆಕೆ ತಡೆಯಕ್ಕಾಗಲ್ಲ, ದಾರೀಲೇ ಬೆಂದುಹೋಗ್ತೀನಿ ಅಂತ ಬರೆದಿದ್ರಲ್ಲ. ಪಾಪ, ಆ ಕಷ್ಟ ನಾನೇ ಒಂದ್ಸಲ ಅನುಭವಿಸಿ ನೋಡಿ, ಅಲ್ಲೇ ವರ್ಗಕ್ಕೆ ಸಹಿ ಹಾಕೋಣ ಅಂತ ಬಂದೆ. ಬೇಯೋದಿರಲಿ, ನನಗೆ ನೆಗಡಿ ಹಿಡೀತು! ನೀವೋ, ಇಸ್ತ್ರಿ ಅಂಗಿ ಹಾಕ್ಕೊಂಡು ಮದುಮಗನ ಥರ ಇದೀರಿ."

ಬೆವರಪ್ಪ ಕೈ ಮುಗಿದ. "ಸಾರ್, ಸಾರ್, ಬೆಳಗ್ಗೆವರೆಗೂ ಅದು ಹೀಗಿರ್ಲಿಲ್ಲ! ಆಣೆ ಮಾಡಿ ಹೇಳ್ತೀನಿ. ತಾವು ಬರ್ತೀರಿ ಅಂತ ಇವತ್ತೇ ರಿಪೇರಿ ಮಾಡಿಸ್ದೆ. ಈ ಅಂಗೀನೂ ನಂದಲ್ಲ ಸಾರ್!"

"ಇವತ್ತೇನಾ?" ಸಾಹೇಬರ ಕಣ್ಣು ಅರಳಿತು. "ಅರ್ಧ ದಿನದಲ್ಲಿ ಇಷ್ಟು ತಂಪು ಮಾಡಿದ್ರಾ? ನೋಡ್ರೀ, ಇಲ್ಲಿ ಕಚೇರಿ ಎ.ಸಿ.ಗಳು, ಲಾರಿ ಕ್ಯಾಬಿನ್ನುಗಳು ಎಲ್ಲಾ ಕೆಟ್ಟು ಕೂತಿವೆ ಅಂತ ದಿನಾ ದೂರು. ಅವೆಲ್ಲಾ ಇನ್ಮೇಲೆ ನಿಮ್ಮ ಜವಾಬ್ದಾರಿ. ಬೆಟ್ಟದಲ್ಲಿ ನಿಮ್ಮಂಥೋರಿಗೆ ಏನು ಕೆಲಸ? ಅಲ್ಲಿ ಆಗಲೇ ತಂಪಾಗಿದೆ."

ಅಷ್ಟರಲ್ಲಿ ಹಾಜರಿ ಪುಸ್ತಕ ಹಿಡಿದು ಟೈಮ್ ಕೀಪರ್ ಒಳಗೆ ಬಂದ. ಮೊಪೆಡ್ಡಿನಲ್ಲಿ ಬಂದ ಅವನ ಅಂಗಿ ಮೈಗಂಟಿತ್ತು, ಹುಬ್ಬಿನ ತುಂಬ ಧೂಳಿತ್ತು.

"ನೋಡಿ, ಕಷ್ಟ ಅಂದ್ರೆ ಇದು," ಎಂದು ಸಾಹೇಬರು ಅವನ ವರ್ಗಕ್ಕೆ ಅಲ್ಲೇ ಸಹಿ ಹಾಕಿದರು.

ಟೈಮ್ ಕೀಪರನ ಮುಖದಲ್ಲಿ ಕುತಂತ್ರದ ಸುಳಿವೂ ಇರಲಿಲ್ಲ. ಅವನು ಬೆವರಪ್ಪನ ಕೈ ಹಿಡಿದು, "ನನಗೆ ಗೊತ್ತೇ ಇರ್ಲಿಲ್ಲ ಸಾರ್," ಎಂದು ನಿಜವಾಗಿಯೂ ನೊಂದುಕೊಂಡ. ಅದಕ್ಕೇ ಬೆವರಪ್ಪನಿಗೆ ಇನ್ನಷ್ಟು ಹೊಟ್ಟೆ ಉರಿಯಿತು. ಬೈಯಲು ಒಬ್ಬರಾದರೂ ಬೇಡವೇ?

ಹೊರಡುವಾಗ ಸಾಹೇಬರು ಬಾಗಿಲಲ್ಲಿ ನಿಂತು ಹೇಳಿದರು. "ಗೋದಾಮಿನ ಆಡಿಟ್ ಮುಗಿಯೋವರೆಗೂ, ಅಂದ್ರೆ ಬೇಸಿಗೆ ಪೂರ್ತಿ, ನಾನು ಇಲ್ಲೇ ಇರ್ತೀನಿ. ದಿನಾ ಬೆಳಗ್ಗೆ ನಿಮ್ಮ ಕಾರಲ್ಲೇ ನನ್ನ ಕರ್ಕೊಂಡು ಬಂದ್ಬಿಡಿ. ನಾನು ಹಿಂದಿನ ಸೀಟಲ್ಲಿ ಒಂದು ನಿದ್ದೆ ತೆಗೀತೀನಿ. ಮುಂದೆ ಕಾಗದಪತ್ರ, ಸೂಟ್‌ಕೇಸ್ ಇರುತ್ತೆ, ನಿಮ್ಮನೆಯವರನ್ನ ಕೂರಿಸ್ಕೊಂಡು ಬರೋಕೆ ಜಾಗ ಆಗಲ್ಲ, ಬೇಜಾರು ಮಾಡ್ಕೋಬೇಡಿ."

ಬೆವರಪ್ಪ ಇಂಗು ತಿಂದ ಮಂಗನಂತೆ ಕಾರಿನಲ್ಲಿ ಬಂದು ಕೂತ. ಗಾಳಿ ತಣ್ಣಗೆ ಮುಖಕ್ಕೆ ಬಡಿಯುತ್ತಿತ್ತು. ಫೋನ್ ಹೊಡೆದುಕೊಂಡಿತು. ಹೆಂಡತಿ.

"ರೀ, ಅಟ್ಟದಿಂದ ಟ್ರಂಕ್ ಇಳಿಸಿ ಬೆಟ್ಟಕ್ಕೆ ಕಂಬಳಿ ತುಂಬ್ತಾ ಇದೀನಿ. ಎರಡು ಸಾಕಾ, ಮೂರು ಹಾಕ್ಲಾ?"

ಬೆವರಪ್ಪ ಗಾಳಿಕಿಂಡಿಯನ್ನು ಆಚೆ ತಿರುಗಿಸಿದ.

"ಟ್ರಂಕ್ ವಾಪಸ್ ಅಟ್ಟಕ್ಕೆ ಹಾಕು. ಒಂದು ಕಂಬಳಿ ಮಾತ್ರ ಹೊರಗಿಡು. ಕಾರಲ್ಲಿ ಸಾಹೇಬರಿಗೆ ಚಳಿಯಾಗುತ್ತೆ."